ಮರಿ ಒಲ್ಲದ ಕುರಿ

ನಮ್ಮಪ್ಪ ಕಾಟಪ್ಪನಿಗೆ ಕುರಿಯ ಮುಖ ನೋಡಿದರೆ ಸಾಕು, ಅದರ ಅಜ್ಜಿ ಯಾವುದೆಂದು ಗೊತ್ತಾಗುತ್ತಿತ್ತು. ಹರಿಯಬ್ಬೆಯ ಸುತ್ತಮುತ್ತ ಯಾರೇ ಟಗರು ಕೊಳ್ಳಲಿ, ಮೊದಲು ನಮ್ಮ ಹಟ್ಟಿಗೆ ಬಂದು ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಅಪ್ಪ ಟಗರಿನ ತುಟಿ ಎತ್ತಿ ಹಲ್ಲು ನೋಡಿ, ಬೆನ್ನಿನ ಮೇಲೆ ಅಂಗೈ ಆಡಿಸಿ, ಕೊನೆಗೆ "ಇದರ ತಾಯಿನ ತೋರಿಸ್ರಿ" ಅನ್ನುತ್ತಿದ್ದ. ತಾಯಿಯನ್ನು ನೋಡದೆ ಒಂದು ಮರಿಯನ್ನೂ ಅವನು ಕೊಂಡವನಲ್ಲ.

ಅವನದೊಂದು ಕಟ್ಟಳೆ ಇತ್ತು. ಈದ ಮೇಲೆ ಮರಿಯನ್ನು ನೆಕ್ಕದೆ, ಹಾಲಿಗೆ ಬಂದರೆ ಒದ್ದು ದೂರ ಹೋಗುವ ಕುರಿಯನ್ನು ಮಂದೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಅದಕ್ಕೆ ಮರಿ ಒಲ್ಲದ ಕುರಿ ಎಂದು ಹೆಸರು. ಅದನ್ನು ಹಿರಿಯೂರಿನ ಸಂತೆಗೆ ಹೊಡೆದುಬಿಡುತ್ತಿದ್ದ. ಅದರ ಹೆಣ್ಣುಮರಿಯನ್ನು ಯಾರಾದರೂ ಹಾಲು ಕುಡಿಸಿ ಬದುಕಿಸಿಕೊಂಡಿದ್ದರೂ ಅಷ್ಟೇ, ಬಲಿಯುವ ಮೊದಲೇ ಮಾರುತ್ತಿದ್ದ. ತಾಯಿ ಒಲ್ಲದಿದ್ದರೆ ಮಗಳೂ ಒಲ್ಲಳು ಎನ್ನುವುದು ಅವನ ನಂಬಿಕೆ. ಕುರಿಗಳ ಮಟ್ಟಿಗೆ ಅದು ಎಷ್ಟೋ ಸಲ ನಿಜವಾಗುತ್ತಿತ್ತು, ಅದೇ ನಮ್ಮ ಕರ್ಮ. ಒಂದು ಸಲವಾದರೂ ನಾಲ್ಕು ಜನರ ಮುಂದೆ ಅವನ ಮಾತು ಸುಳ್ಳಾಗಿದ್ದರೆ, ಅದೇ ತಕ್ಕಡಿಯಲ್ಲಿ ಮನುಷ್ಯರನ್ನು ತೂಗುವ ಧೈರ್ಯ ಅವನಿಗೆ ಬರುತ್ತಿರಲಿಲ್ಲ.

ನನ್ನ ತಮ್ಮ ಬೋರಣ್ಣನ ಹೆಂಡತಿ ನಿಂಗಕ್ಕ ಮಾರಿಕಣಿವೆ ಕಡೆಯವಳು. ನಗು ಬಂದರೆ ಬಾಯಿಗೆ ಸೆರಗು ಮುಚ್ಚಿಕೊಂಡು ಭುಜ ಕುಣಿಸುತ್ತಿದ್ದಳು. ಅವಳು ಬಸುರಿಯಾಗಿದ್ದಾಗ ಅವಳ ತಮ್ಮ ಅಲ್ಲಿನ ಡ್ಯಾಮಿನ ಹಿನ್ನೀರಿನಲ್ಲಿ ಮೀನಿನ ಬಲೆ ಬಿಡಿಸಲು ಹೋಗಿ ಮುಳುಗಿದ. ಅವಳು ಸೊಂಟದ ಮೇಲೆ ಎತ್ತಿ ಬೆಳೆಸಿದ ಹುಡುಗ. ಬಸುರಿ ಹೆಂಗಸು ಹೆಣದ ಮುಖ ನೋಡಬಾರದೆಂದು ನಮ್ಮವರು ಅವಳನ್ನು ಮಣ್ಣಿಗೆ ಕಳಿಸಲಿಲ್ಲ. ಅವಳು ಅತ್ತಿದ್ದರೆ ಚೆನ್ನಾಗಿತ್ತು. ಬೀಸುವ ಕಲ್ಲಿನ ಮುಂದೆ ಕೂತು ಗೂಟ ಹಿಡಿದುಕೊಂಡು, ಕಲ್ಲು ತಿರುಗಿಸದೆ, ಹೊತ್ತು ಮುಳುಗುವ ತನಕ ಹಾಗೇ ಇರುತ್ತಿದ್ದಳು. ಅನ್ನ ಇಟ್ಟರೆ ಉಣ್ಣುತ್ತಿದ್ದಳು, ಇಡದಿದ್ದರೆ ಕೇಳುತ್ತಿರಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ಸೂಲಗಿತ್ತಿ ಕೂಸನ್ನು ಪಕ್ಕಕ್ಕೆ ಮಲಗಿಸಿದರೆ ನಿಂಗಕ್ಕ ಗೋಡೆಗೆ ಮುಖ ತಿರುಗಿಸಿದಳು. ಎದೆಗೆ ಹಚ್ಚಿದರೆ ಕೈ ಎತ್ತಿ ಹಿಡಿದುಕೊಳ್ಳಲಿಲ್ಲ. "ಬಾಣಂತಿ ಸನ್ನಿ ಕಣ್ರವ್ವಾ, ಬೆಚ್ಚಗಿಡ್ರಿ, ನಿದ್ದೆ ಮಾಡ್ಲಿ, ತಾನೇ ಸರಿಹೋಗ್ತಾಳೆ" ಎಂದಳು ಸೂಲಗಿತ್ತಿ. ಅಪ್ಪ ಮಾತ್ರ ಹೊಸ್ತಿಲಾಚೆ ನಿಂತು ಎಲ್ಲವನ್ನೂ ಕೇಳಿಸಿಕೊಂಡು, "ಮರಿ ಒಲ್ಲಳು" ಎಂದ. ಆ ಮಾತು ಸಂಜೆಯೊಳಗೆ ಹಟ್ಟಿಯೆಲ್ಲ ತಿರುಗಿತು. ನಿಂಗಕ್ಕನ ತಾಯಿ ಕಾಳಕ್ಕನೂ ಹೀಗೇ ಮಾಡಿದ್ದಳಂತೆ, ಹುಟ್ಟಿದ ಕೂಸನ್ನು ಪಕ್ಕದ ಮನೆಯವಳಿಗೆ ಕೊಟ್ಟು ಕೈ ತೊಳೆದುಕೊಂಡಿದ್ದಳಂತೆ ಎಂದು ಯಾರೋ ಹಳೆಯ ಕಥೆ ಕೆದಕಿದರು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದರು. ಗಾದೆ ಹೇಳುವವರ ಗಂಟೇನು ಹೋಗುತ್ತದೆ!

ನಿಂಗಕ್ಕನನ್ನು ತವರಿಗೆ ಕಳಿಸಿದರು, ಕೂಸನ್ನು ಇಲ್ಲೇ ಇಟ್ಟುಕೊಂಡರು. ಸುಧಾರಿಸಿಕೊಂಡು ಬರಲಿ ಎನ್ನುವುದು ಹೇಳಿಕೆಗೆ ಮಾತ್ರ. ಯಾರೂ ಹೋಗಿ ಕರೆಯಲಿಲ್ಲ. ಎರಡನೆಯ ವರ್ಷ ಜ್ವರ ಬಂದು ತೀರಿಕೊಂಡಳೆಂದು ಸುದ್ದಿ ಬಂತು. ನನ್ನ ತಮ್ಮ ಆ ದಿನ ಕಂಬಳಿ ಹೊದ್ದು ಮಲಗಿದವನು ಮಾರನೆಯ ಬೆಳಗ್ಗೆ ಎದ್ದು ಕುರಿ ಹೊಡೆದುಕೊಂಡು ಹೋದ. ಅವನು ಮೊದಲಿನಿಂದಲೂ ಹಾಗೆಯೇ, ಅಪ್ಪನ ಮುಂದೆ ಅವನಿಗೆ ಬಾಯಿಯೇ ಇಲ್ಲ.

ನಾನು ಮಲ್ಲಕ್ಕ. ಗಂಡ ಹಾವು ಕಡಿದು ಸತ್ತ ಮೇಲೆ ತವರಿಗೆ ಬಂದು ಕುಳಿತವಳು. ಮಕ್ಕಳಿರಲಿಲ್ಲ. ಬಂಜೆಯ ಕೈಗೆ ಕೂಸು ಕೊಡುವುದೇ ಎಂದು ಕೆಲವರು ಮೂಗು ಮುರಿದರು. ಆಡಿನ ಹಾಲಿನಲ್ಲಿ ಅರಳೆಯ ಬತ್ತಿ ಅದ್ದಿ ಅದ್ದಿ ಚೀಪಿಸಿ ಆ ಬಂಜೆಯ ಕೈಯೇ ಕೂಸನ್ನು ಉಳಿಸಿತು. ಅವಳಿಗೆ ಕೆಂಚಿ ಎಂದು ನನ್ನ ಅವ್ವನ ಹೆಸರಿಟ್ಟೆವು.

ಕೆಂಚಿ ಬೇರೆ ಕೂಸುಗಳಂತಿರಲಿಲ್ಲ, ಸುಳ್ಳೇಕೆ ಹೇಳಲಿ. ಒಲೆಯೊಳಗೆ ಸೌದೆ ಚಟ್ಟೆಂದರೆ ಮೈಯೆಲ್ಲ ಸೆಟೆದುಕೊಳ್ಳುತ್ತಿತ್ತು. ಯಾರಾದರೂ ಏಕಾಏಕಿ ಎತ್ತಿಕೊಂಡರೆ ಅಳುತ್ತಿರಲಿಲ್ಲ, ಉಸಿರು ಹಿಡಿದುಬಿಡುತ್ತಿದ್ದಳು. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ಮುಖಕ್ಕೆ ನೀರು ಚಿಮುಕಿಸಿದ ಮೇಲೆ ಉಸಿರು ಬಿಟ್ಟು ನಮ್ಮನ್ನೆಲ್ಲ ಅನುಮಾನದಿಂದ ನೋಡುತ್ತಿದ್ದಳು. ಹಟ್ಟಿಯ ಹೆಂಗಸರು ಗಾಳಿ ಎಂದರು, ದೃಷ್ಟಿ ಎಂದರು, ತಾಯಿಯ ನೆರಳು ಎಂದರು. ನಾನು ಎಲ್ಲರಿಗೂ ಬೈದೆ. ಬೈದದ್ದು ನನಗೆ ಸಮಾಧಾನವಾಯಿತೇ ಹೊರತು ಕೂಸಿಗೇನೂ ಆಗಲಿಲ್ಲ.

ಹೋಗ್ತಾ ಹೋಗ್ತಾ ಅವಳ ದಾರಿ ನನಗೆ ತಿಳಿಯಿತು. ಅವಳನ್ನು ಕರೆಯಬಾರದು, ಎತ್ತಬಾರದು. ಪಕ್ಕದಲ್ಲಿ ಕೂತು ನನ್ನ ಪಾಡಿಗೆ ನಾನು ಉಣ್ಣೆ ಹಿಂಜುತ್ತಾ ಇರಬೇಕು. ಆಗ ಅವಳೇ ತೆವಳಿಕೊಂಡು ಬಂದು ಮೊದಲು ಸೆರಗಿನ ತುದಿ ಮುಟ್ಟುವಳು, ಮೂಸುವಳು, ಆಮೇಲೆ ಮುಷ್ಟಿಯೊಳಗೆ ಸುತ್ತಿಕೊಳ್ಳುವಳು. ಸೆರಗು ಮುಷ್ಟಿಯೊಳಗೆ ಇದ್ದರೆ ಗುಡುಗಿದರೂ ಅವಳಿಗೆ ಹೆದರಿಕೆ ಕಡಿಮೆ. ನನ್ನ ಸೀರೆಗಳ ಸೆರಗುಗಳೆಲ್ಲ ಅವಳ ಬೆವರಿಗೆ ಗಟ್ಟಿಯಾಗಿ ಹೋಗಿದ್ದವು. ಮೂರು ತುಂಬುವ ಹೊತ್ತಿಗೆ ನಗುತ್ತಿದ್ದಳು, ಅದೂ ಹೇಗೆ! ಬಾಯಿಗೆ ನನ್ನ ಸೆರಗು ಮುಚ್ಚಿಕೊಂಡು, ಭುಜ ಕುಣಿಸಿಕೊಂಡು. ಕಣ್ಣಿಂದ ಕಾಣದ ತಾಯಿಯ ನಗು ಅವಳಿಗೆ ಎಲ್ಲಿಂದ ಬಂತೋ ದೇವರೇ ಬಲ್ಲ. ರಕ್ತದಲ್ಲಿ ಬರುವುದಾದರೆ ಇದೂ ಬರುತ್ತದಲ್ಲ, ಇದನ್ನು ಯಾಕೆ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ? ನನ್ನನ್ನು ಅವ್ವ ಎಂದು ಕರೆಯುತ್ತಿದ್ದಳು. ನಾನು ಅವಳಿಗೆ ಸೋದರತ್ತೆ, ಅವ್ವ ಅಲ್ಲ ಎಂದು ತಿದ್ದಲು ಬಂದವರನ್ನು ನಾನೇ ಹೊರಗೆ ಅಟ್ಟಿದೆ.

ಒಂದು ದಿನ ರಸ್ತೆ ಮಾಡುವವರು ಬಂಡೆಗೆ ಮದ್ದು ಹಾಕಿ ಸಿಡಿಸಿದರು. ಕೆಂಚಿ ಉಸಿರು ಹಿಡಿದವಳು ನೀರು ಚಿಮುಕಿಸಿದರೂ ಬಿಡಲಿಲ್ಲ, ಮೂರ್ಛೆ ಹೋದಳು. ಎಚ್ಚರವಾದ ಮೇಲೂ ನನಗೆ ಧೈರ್ಯ ಸಾಲದೆ ಅಪ್ಪನನ್ನು ಹೊರಡಿಸಿಕೊಂಡು ದುರ್ಗದ ಆಸ್ಪತ್ರೆಗೆ ಹೋದೆ. ಅಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕೆಂಚಿಯನ್ನು ಮುಟ್ಟುವ ಮೊದಲು ಸ್ಟೆತಸ್ಕೋಪನ್ನು ಅವಳ ಕೈಗೇ ಕೊಟ್ಟು ಆಡಲು ಬಿಟ್ಟರು. ಅದನ್ನು ನೋಡಿದಾಗಲೇ ನನಗೆ ಅವರ ಮೇಲೆ ನಂಬಿಕೆ ಬಂತು. ನಿಂಗಕ್ಕನ ಕಥೆ, ಅವಳ ತಮ್ಮನ ಕಥೆ ಎಲ್ಲ ಕೇಳಿದರು. ಆಮೇಲೆ ಅಪ್ಪನ ಕಡೆ ತಿರುಗಿದರು.

"ನೋಡಿ ಯಜಮಾನ್ರೇ, ಇವಳಿಗೆ ಕಾಯಿಲೆ ಏನಿಲ್ಲ. ಕೆಲವು ಮಕ್ಕಳು ಹುಟ್ಟೋವಾಗ್ಲೇ ತೆಳು ಚರ್ಮದವು. ಒಂದಿಷ್ಟು ರಕ್ತದಲ್ಲೇ ಬರುತ್ತೆ. ತಾಯಿ ಬಸುರಿಲಿ ಪಟ್ಟ ಸಂಕಟಾನೂ ತಟ್ಟುತ್ತೆ. ಇಂಥ ಮಗು ಎಲ್ಲವನ್ನೂ ಜಾಸ್ತಿ ತಗೊಳ್ಳುತ್ತೆ. ಹೆದರಿಕೆ ಕೊಟ್ರೆ ಹೆದರಿಕೇನೂ ಜಾಸ್ತಿ, ಪ್ರೀತಿ ಕೊಟ್ರೆ ಅದೂ ಜಾಸ್ತಿ. ಈಗ ಈ ಅಮ್ಮನ ಹತ್ರ ಚೆನ್ನಾಗಿ ಒಗ್ಗಿದಾಳೆ. ಶಾಲೆಗೆ ಹೋಗೋ ತನಕ ಇವರ ಕೈಲೇ ಬೆಳೀಲಿ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಮಾತ್ರ ದಾಟಿಸಬೇಡಿ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಪ್ಪ, ಐಮಂಗಲ ದಾಟಿದ ಮೇಲೆ, "ಡಾಕ್ಟರಮ್ಮನೇ ಹೇಳಿದ್ರಲ್ಲ ಮಲ್ಲಿ, ರಕ್ತದಾಗೆ ಬರ್ತೈತೆ ಅಂತ" ಎಂದ.

"ಅದೊಂದೇ ಹೇಳಿದ್ರಾ? ಮಿಕ್ಕಿದ್ದು ನಿನ್ನ ಕಿವಿಗೆ ಬೀಳಲಿಲ್ಲೇನಪ್ಪಾ?"

"ಮಿಕ್ಕಿದ್ದು ಸಮಾಧಾನಕ್ಕೆ ಹೇಳೋದು" ಎಂದು ಕಿಟಕಿಯ ಕಡೆ ತಿರುಗಿದ. ಕೆಂಚಿ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು, ಮುಷ್ಟಿಯಲ್ಲಿ ಸೆರಗು. ಅಪ್ಪ ದುಷ್ಟನಲ್ಲ. ಜೀವಮಾನವೆಲ್ಲ ಯಾವ ಮಾತನ್ನು ನಂಬಿದ್ದನೋ ಆ ಮಾತಷ್ಟೇ ಅವನಿಗೆ ಕೇಳಿಸಿತು.

ಮುಂದಿನ ವರ್ಷ ಬೋರಣ್ಣನಿಗೆ ಮತ್ತೆ ಮದುವೆಯ ಮಾತು ನಡೆಯಿತು. ಹೊಳಲ್ಕೆರೆ ಕಡೆಯ ಪಾಪಣ್ಣನ ಮಗಳು ಕೊಟ್ರಮ್ಮ. ಪಾಪಣ್ಣ ಮನೆ ನೋಡಲು ಬಂದವನು, "ಬಾರವ್ವಾ ಪುಟ್ಟಿ" ಎಂದು ಕಂಬದ ಹಿಂದಿದ್ದ ಕೆಂಚಿಯ ರಟ್ಟೆ ಹಿಡಿದು ಎಳೆದು ತೊಡೆಯ ಮೇಲೆ ಕೂರಿಸಿಕೊಂಡ. ಕೆಂಚಿ ಅವನ ತೊಡೆಯ ಮೇಲೆಯೇ ಉಸಿರು ಹಿಡಿದು ನೀಲಿಯಾದಳು. ಪಾಪಣ್ಣ ಕಾಫಿಯ ಲೋಟ ಅರ್ಧಕ್ಕೇ ಇಟ್ಟು ಎದ್ದ. ಎರಡು ದಿನದ ಮೇಲೆ ಹೇಳಿಕಳಿಸಿದ: ಹುಡುಗಿಯನ್ನು ಕೊಡುತ್ತೇವೆ, ಆದರೆ ಆ ಕೂಸು ತಾಯಿಯ ಕಡೆಯವರ ಹತ್ತಿರ ಇರಲಿ, ನಮ್ಮ ಮಗಳು ನಾಳೆ ಬಸುರಿಯಾದರೆ ಕಣ್ಣೆದುರಿಗೆ ಅಂಥದ್ದು ಬೇಡ.

ಅಪ್ಪ ಒಪ್ಪಿಕೊಂಡ. "ಕಾಳಕ್ಕನ ಮನಿಗೆ ಬಿಟ್ಟು ಬಾ" ಎಂದು ಬೋರಣ್ಣನಿಗೆ ಹೇಳಿದ. ಬೋರಣ್ಣ ನೆಲ ನೋಡಿದ.

ನಾನು ಅಂಗಳಕ್ಕೆ ಬಂದು ನಿಂತು ಕೂಗಾಡಿದೆ. ಹಟ್ಟಿಯ ಹಿರಿಯ ಚಿಕ್ಕತಿಮ್ಮಪ್ಪನೂ ಇನ್ನೂ ನಾಲ್ಕಾರು ಜನರೂ ಬಂದು ಸೇರಿದರು. ಬರಲಿ, ನನಗೂ ಅದೇ ಬೇಕಿತ್ತು.

"ತಾಯಿ ಒಲ್ಲದಿದ್ರೆ ಮಗಳೂ ಒಲ್ಲಳು ಅಂತೀಯಲ್ಲಪ್ಪ, ಹಂಗಾದ್ರೆ ಚುಕ್ಕಿನ ಯಾಕೆ ಇಟ್ಕಂಡೀಯ?" ಎಂದು ಕೇಳಿದೆ.

ಚುಕ್ಕಿ ನಾನು ಸಾಕಿದ ಕುರಿ, ಹಣೆಯ ಮೇಲೆ ಬಿಳಿ ಬೊಟ್ಟಿನದು. ಅದರ ತಾಯಿ ಅದನ್ನು ಒಲ್ಲದೆ ಒದ್ದು ಹೋಗಿತ್ತು. ಆಗ ಅಪ್ಪ ಗಬ್ಬದ ಕುರಿಗಳನ್ನು ಹಟ್ಟಿಯಲ್ಲೇ ಬಿಟ್ಟು, ಉಳಿದ ಮಂದೆ ಹೊಡೆದುಕೊಂಡು ಹೊಸದುರ್ಗದ ಕಡೆ ಹೋಗಿದ್ದ. ಅದೇ ದಿನ ಇನ್ನೊಂದು ಕುರಿಯ ಮರಿ ಸತ್ತು ಹುಟ್ಟಿತ್ತು. ನಾನು ಚುಕ್ಕಿಯ ಮೈಗೆಲ್ಲ ಉಪ್ಪುನೀರು ಸವರಿ ಆ ಕುರಿಯ ಮೂತಿಯ ಮುಂದೆ ಹಿಡಿದೆ. ಕುರಿ ಉಪ್ಪಿನ ರುಚಿಗೆ ನೆಕ್ಕಿತು. ನೆಕ್ಕಿ ನೆಕ್ಕಿ, ಉಪ್ಪು ಮುಗಿಯುವ ಹೊತ್ತಿಗೆ ಚುಕ್ಕಿ ಅದರದೇ ಮರಿಯಾಗಿತ್ತು. ಇದೇನೂ ಹೊಸ ವಿದ್ಯೆಯಲ್ಲ, ಕುರಿ ಕಾಯುವವರಿಗೆಲ್ಲ ಗೊತ್ತಿರುವುದೇ. ಅಪ್ಪ ವಾಪಸ್ಸು ಬಂದು ಚುಕ್ಕಿಯನ್ನು ಮಾರುತ್ತೇನೆ ಎಂದಾಗಲೆಲ್ಲ ನಾನು ಅಡ್ಡ ಬಂದಿದ್ದೆ. ಈಗ ಅದು ಚೊಚ್ಚಲ ಗಬ್ಬವಾಗಿತ್ತು.

ಅಪ್ಪ ಕೋಲಿನ ಮೇಲೆ ಗದ್ದ ಊರಿದ. "ಆಗ್ಲಿ. ಚುಕ್ಕಿ ಈಯ್ಲಿ. ಮರಿನ ನೆಕ್ಕಿದ್ರೆ ಕೆಂಚಿ ಇಲ್ಲೇ ಇರ್ತಾಳೆ, ಪಾಪಣ್ಣನಿಗೆ ನಾನೇ ಹೇಳ್ತೀನಿ. ನೆಕ್ಕದಿದ್ರೆ ನೀನು ಬಾಯಿ ಮುಚ್ಕಂಡಿರಬೇಕು."

"ಹತ್ತು ಜನರ ಮುಂದೆ ಆಡಿದ ಮಾತು" ಎಂದ ಚಿಕ್ಕತಿಮ್ಮಪ್ಪ.

"ಹತ್ತು ಜನರ ಮುಂದೇನೇ ತೀರ್ಲಿ" ಎಂದ ಅಪ್ಪ.

ನನಗೆ ಆ ರಾತ್ರಿ ನೆಮ್ಮದಿಯ ನಿದ್ದೆ ಬಂತು. ಚುಕ್ಕಿಯ ಮೇಲೆ ನನಗೆ ಅಷ್ಟು ಭರವಸೆ. ಅದು ಬೇರೆಯವರ ಮರಿಗಳನ್ನೂ ಮೂಸಿ ನೆಕ್ಕುತ್ತಿತ್ತು.

ಕುರಿ ಈಯುವುದು ಬಯಲಿನಲ್ಲಿ. ಮೇಯುತ್ತಾ ಮೇಯುತ್ತಾ ಮಂದೆಯಿಂದ ಒಂದಿಷ್ಟು ಹಿಂದೆ ಉಳಿದು, ಯಾವುದೋ ಜಾಲಿಯ ಬುಡದಲ್ಲಿ ನೆಲ ಕೆರೆದು ತನ್ನಷ್ಟಕ್ಕೆ ಈಯುತ್ತದೆ. ಕಾಯುವವನು ದೂರದಲ್ಲಿ ಕೂತಿರುತ್ತಾನೆ, ಎಲ್ಲ ಮುಗಿದ ಮೇಲೆ ಮರಿಯನ್ನು ಕಂಬಳಿಯಲ್ಲಿ ಇಟ್ಟುಕೊಂಡು ಬರುತ್ತಾನೆ. ಚುಕ್ಕಿಗೆ ಆ ಭಾಗ್ಯ ಸಿಗಲಿಲ್ಲ. ಅದು ಬೆಳಗ್ಗೆ ಕಾಲು ಕೆರೆಯುತ್ತಿದ್ದುದನ್ನು ನೋಡಿದ ಅಪ್ಪ, ಸಾಕ್ಷಿ ಬೇಕಲ್ಲ, ಅದನ್ನು ಮಂದೆಯ ಜೊತೆ ಬಿಡದೆ ಕುರಿ ಕೂಡುವ ರೊಪ್ಪದೊಳಗೆ ಗೂಟಕ್ಕೆ ಕಟ್ಟಿದ. ಅದು ಹುಟ್ಟಿದಾಗಿನಿಂದ ಕೊರಳಿಗೆ ಹಗ್ಗ ಕಂಡದ್ದಲ್ಲ. ಮುಳ್ಳು ಬೇಲಿಯ ಸುತ್ತ ಹಟ್ಟಿಗೆ ಹಟ್ಟಿಯೇ ಬಂದು ನಿಂತಿತು. ಬೀಡಿ ಹೊಗೆ, ನಗು, ಪಂದ್ಯ ಕಟ್ಟುವವರು, ಕಾಲ ಸಂದಿಯಲ್ಲಿ ನಾಯಿಗಳು.

"ದೂರ ಹೋಗ್ರೋ! ನಿಮ್ಮ ಹೆಂಡ್ರು ಹೆರುವಾಗ ಹಿಂಗೇ ಬೇಲಿ ಸುತ್ತ ನಿಲ್ತೀರೇನ್ರೋ!" ಎಂದು ಕೂಗಿದೆ. ಹೆಂಗಸರು ನಕ್ಕರು, ಗಂಡಸರು ಒಂದು ಹೆಜ್ಜೆ ಹಿಂದೆ ಹೋಗಿ ಎರಡು ಹೆಜ್ಜೆ ಮುಂದೆ ಬಂದರು. ಕೆಂಚಿ ನನ್ನ ಹಿಂದೆ ಸೆರಗಿನೊಳಗೆ ಮುಖ ಹುದುಗಿಸಿ ನಿಂತಿದ್ದಳು.

"ಅಪ್ಪಾ, ಹಗ್ಗ ಬಿಚ್ಚು. ಇವರನ್ನೆಲ್ಲ ಕಳಿಸು. ಚೊಚ್ಚಲು ಅದು, ಹೆದರ್ಕಂಡೈತೆ" ಎಂದು ಕೈ ಮುಗಿದೆ. ಅಪ್ಪನ ಕಣ್ಣು ಚುಕ್ಕಿಯ ಕಿವಿಯ ಮೇಲಿತ್ತು. ಕಿವಿ ಹಿಂದಕ್ಕೆ ಮಡಚಿದ್ದು ಅವನಿಗೆ ಕಾಣಲಿಲ್ಲವೇ? ಕಂಡಿತು, ನನಗೆ ಗೊತ್ತು. ಆದರೆ ಹತ್ತು ಜನರನ್ನು ಕರೆದ ಮೇಲೆ ಹೋಗಿ ಎನ್ನುವುದು ಹೇಗೆ? ಮರಿಯ ಮುಂಗಾಲು ಕಂಡಾಗ ಹಗ್ಗ ಮಾತ್ರ ಬಿಚ್ಚಿದ.

ಮರಿ ನೆಲಕ್ಕೆ ಬೀಳುವುದಕ್ಕೂ ದಾರಿಯಲ್ಲಿ ಜೀಪಿನ ಹಾರನ್ನು ಕೇಳುವುದಕ್ಕೂ ಸರಿಹೋಯಿತು. ಅದು, ಜೀಪು ಎಂದರೆ ಮಕ್ಕಳಾಗದ ಆಪರೇಶನ್ನಿಗೆ ಹಿಡಿದುಕೊಂಡು ಹೋಗುವವರು ಎಂದು ಗಂಡಸರೆಲ್ಲ ಹೆದರಿ ಸಾಯುತ್ತಿದ್ದ ಕಾಲ. ಬೇಲಿಯ ಸುತ್ತ ನಿಂತವರೆಲ್ಲ ಬಿದ್ದೆನೋ ಸತ್ತೆನೋ ಎಂದು ಓಡಿದರು. ಇಬ್ಬರು ಅಡ್ಡದಾರಿಗೆಂದು ಬೇಲಿ ಹಾರಿ ರೊಪ್ಪದ ನಡುವೆಯೇ ಓಡಿ ಜಾಲಿಯ ಮೆಳೆಯೊಳಗೆ ಅವಿತರು. ನಾಯಿಗಳು ಬೊಗಳುತ್ತಾ ಅವರ ಹಿಂದೆ ಓಡಿದವು. ಚುಕ್ಕಿ ಮರಿಯನ್ನು ಬಿಟ್ಟು ನೆಗೆದು ಬೇಲಿಯ ಮೂಲೆಗೆ ಹೋಗಿ ಗೋಣು ಒಳಗೆ ಹಾಕಿ ನಡುಗುತ್ತಾ ನಿಂತಿತು.

ಜೀಪು ಮಾರಿಕಣಿವೆಗೆ ಹೋಗುವ ನೀರಾವರಿಯವರದ್ದು. ಅದರ ಪಾಡಿಗೆ ಅದು ಹೋಯಿತು. ಗಂಡಸರು ಬಟ್ಟೆಯ ಮುಳ್ಳು ಕೀಳುತ್ತಾ, ಒಬ್ಬರನ್ನೊಬ್ಬರು ಹಂಗಿಸುತ್ತಾ ಬಂದು ಮತ್ತೆ ಅದೇ ಜಾಗದಲ್ಲಿ ನಿಂತರು. ಮರಿ ಲೋಳೆ ಮೈಯಲ್ಲಿ ನೆಲದ ಮೇಲೆ ಬ್ಯಾ ಎನ್ನುತ್ತಿತ್ತು. ಚುಕ್ಕಿ ತಿರುಗಿ ನೋಡಲಿಲ್ಲ. ಅಪ್ಪ ಮಾಸು ಬೀಳುವ ತನಕ ಕಾದ. ನ್ಯಾಯವಾಗಿ ಕಾದ ಎಂದು ಎಲ್ಲರೂ ಅಂದರು.

"ನೋಡ್ದೇನವ್ವಾ" ಎಂದ ಕೊನೆಗೆ. ಅವನ ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ, ಅದನ್ನು ನಾನು ಮರೆಮಾಚುವುದಿಲ್ಲ. "ಬೋರಾ, ಮಧ್ಯಾಹ್ನದ ಬಸ್ಸಿಗೆ ಹೋಗಿ ಬಿಟ್ಟು ಬಾ."

ನಾನು ಬೇಡಿಕೊಂಡೆ, ಬೈದೆ, ಅಪ್ಪನ ಕೋಲು ಕಿತ್ತು ಎಸೆದೆ. ಚಿಕ್ಕತಿಮ್ಮಪ್ಪ, "ಮಾತು ಮಾತೇ ಕಣವ್ವಾ" ಎಂದ. ಹರಿಯಬ್ಬೆಯ ಬಸ್‌ಸ್ಟಾಂಡಿನ ತನಕ ಕೆಂಚಿಯನ್ನು ನಾನೇ ಸೊಂಟದ ಮೇಲೆ ಎತ್ತಿಕೊಂಡು ಹೋದೆ. ಏನೋ ಆಗುತ್ತಿದೆ ಎಂದು ಅವಳಿಗೆ ತಿಳಿದಿತ್ತು. ಬಸ್ಸು ಬಂತು. ಬೋರಣ್ಣ ಅವಳನ್ನು ತೆಗೆದುಕೊಳ್ಳಲು ಬಂದಾಗ ಸೆರಗು ಹಿಡಿದಳು. ಅವನು ಬೆರಳು ಬಿಡಿಸಿದ, ಒಂದು ಬಿಡಿಸಿದರೆ ಇನ್ನೊಂದು ಹಿಡಿಯುತ್ತಿತ್ತು. ಕಂಡಕ್ಟರ್ "ಬೇಗ ಹತ್ರಿ" ಎಂದು ಸೀಟಿ ಊದಿದ. ನಾನು ಹಲ್ಲಿನಲ್ಲಿ ಕಚ್ಚಿ ಸೆರಗಿನ ತುದಿ ಹರಿದೆ. ಮೊಳದುದ್ದದ ತುಂಡು ಅವಳ ಮುಷ್ಟಿಯಲ್ಲೇ ಉಳಿಯಿತು. ಅವಳು ಅಳಲಿಲ್ಲ. ತುಟಿ ನೀಲಿಯಾಗುತ್ತಿದ್ದುದನ್ನು ಕಿಟಕಿಯಲ್ಲಿ ನೋಡಿದೆ. "ನೀರು ಚಿಮುಕ್ಸೋ, ಲೇ ಬೋರಾ, ನೀರು ಚಿಮುಕ್ಸೋ" ಎಂದು ಕೂಗುತ್ತಾ ಬಸ್ಸಿನ ಹಿಂದೆ ಓಡಿದೆ. ಧೂಳಿನಲ್ಲಿ ಏನೂ ಕಾಣಲಿಲ್ಲ.

ಹಟ್ಟಿಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಚುಕ್ಕಿಯ ಮರಿಗಾದರೂ ಹಾಲು ಕುಡಿಸೋಣ ಎಂದು ರೊಪ್ಪದ ಕಡೆ ಹೋದೆ. ಜನ ಯಾರೂ ಇರಲಿಲ್ಲ. ಅಪ್ಪ ಒಬ್ಬನೇ ಬೇಲಿಯ ಹೊರಗೆ ನಿಂತಿದ್ದ, ಕೈಯಲ್ಲಿ ಬೆಳಗಿನ ಹಗ್ಗ. ಒಳಗೆ ಚುಕ್ಕಿ ಮರಿಯನ್ನು ನೆಕ್ಕುತ್ತಿತ್ತು. ತಲೆಯಿಂದ ಬಾಲದ ತನಕ ನೆಕ್ಕಿ, ಗುರುಗುಡುತ್ತಾ, ಮತ್ತೆ ತಲೆಯಿಂದ ಶುರು ಮಾಡುತ್ತಿತ್ತು. ಮರಿ ಬಾಲ ಅಲ್ಲಾಡಿಸುತ್ತಾ ಹಾಲು ಕುಡಿಯುತ್ತಿತ್ತು. ಯಾರೂ ಉಪ್ಪು ಹಚ್ಚಿರಲಿಲ್ಲ.

"ಕರಿ ಈಗ ಹತ್ತು ಜನಾನ" ಎಂದೆ. "ಕರಿ ಅಪ್ಪಾ. ಎಲ್ಲಿ ಹೋದ್ರು ನಿನ್ನ ಸಾಕ್ಷಿಯೋರು?"

ಅಪ್ಪ ತಿರುಗಲಿಲ್ಲ. ಕೈಯಲ್ಲಿದ್ದ ಹಗ್ಗ ಸುತ್ತುತ್ತಾ, "ಮದುವೆ ಒಂದು ಮುಗೀಲಿ ಮಲ್ಲಿ. ಹೋಗಿ ಕರ್ಕಂಡು ಬರಾಣ" ಎಂದ.

ಮದುವೆ ಮುಗಿಯಿತು. ಕೊಟ್ರಮ್ಮ ಬಂದಳು, ಪಾಪ ಒಳ್ಳೆಯ ಹುಡುಗಿ, ಅವಳಿಗೆ ಇದೊಂದೂ ಗೊತ್ತಿರಲಿಲ್ಲ. ಅವಳು ಒಗ್ಗಿಕೊಳ್ಳಲಿ ಎಂದರು. ಆಮೇಲೆ ಮಳೆ, ಆಮೇಲೆ ಮಂದೆ ವಲಸೆ ಹೋಯಿತು. ಅಷ್ಟರಲ್ಲಿ ಕೊಟ್ರಮ್ಮ ಬಸುರಿಯಾದಳು, ಈಗಂತೂ ಬೇಡವೇ ಬೇಡ ಎಂದು ಪಾಪಣ್ಣ ಹೇಳಿಕಳಿಸಿದ. ನಾನೊಬ್ಬಳೇ ಒಮ್ಮೆ ಹೋಗಿದ್ದೆ. ಕಾಳಕ್ಕ ಬಾಗಿಲಲ್ಲೇ ತಡೆದು, "ನಿಮ್ಮ ಗಂಡಸರು ಬಂದು ಕೇಳ್ಲಿ, ಹೆಂಗಸರ ಮಾತಿಗೆ ಕೊಡಾಕಿಲ್ಲ" ಎಂದು ಕೂಸಿನ ಮುಖವನ್ನೂ ತೋರಿಸದೆ ಕಳಿಸಿದ್ದಳು. ನಾವು ಮಗಳನ್ನು ಹಿಂದಕ್ಕೆ ಅಟ್ಟಿದ್ದನ್ನು ಕಂಡವಳು ಅವಳು, ಅವಳ ಸಿಟ್ಟಿಗೆ ಏನು ಹೇಳಲಿ? ಕೊನೆಗೆ ಕೊಟ್ರಮ್ಮನ ಬಾಣಂತನ ಮುಗಿದ ಮೇಲೆ ಅಪ್ಪ ತಾನಾಗಿಯೇ ರುಮಾಲು ಸುತ್ತಿಕೊಂಡು, "ನಡಿ ಮಲ್ಲಿ, ಹೋಗಾಣ" ಎಂದ. ಒಂದೂವರೆ ವರ್ಷವೇ ಕಳೆದು ಹೋಗಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತದೆಯೇ ಎಂದು ಬಾಯಿ ತುದಿಗೆ ಬಂತು. ಹೊರಟವನ ಕಾಲು ಹಿಂದೆ ಸರಿದೀತೆಂದು ನುಂಗಿಕೊಂಡೆ.

ಕಾಳಕ್ಕನ ಮನೆ ಕಾಲುವೆಯ ಏರಿಯ ಕೆಳಗೆ. ಬಾಗಿಲಿಗೆ ಬಂದ ಕಾಳಕ್ಕ ಈ ಸಲ ಸೆರಗು ಮುಖಕ್ಕೆ ಎಳೆದುಕೊಳ್ಳಲಿಲ್ಲ. ಅಪ್ಪ ಅವಳ ಮುಖ ನೋಡಿದ್ದು ಅದೇ ಮೊದಲು. ನಿಂಗಕ್ಕನ ಮದುವೆಯಲ್ಲಿ ಬೀಗರ ಮುಂದೆ ಅವಳು ಮುಸುಕಿನಲ್ಲೇ ಇದ್ದಳು. ಅವಳ ಮುಖದ ತುಂಬ ಸಿಡುಬಿನ ಕಲೆ.

"ಇದು ಯಾವಾಗಿಂದವ್ವಾ?" ಎಂದ ಅಪ್ಪ, ಮನುಷ್ಯರನ್ನು ಕೇಳಬಾರದ ರೀತಿಯಲ್ಲಿ.

"ನಿಂಗಿ ಹುಟ್ಟಿದ ವಾರಕ್ಕೆ ಆಗಿದ್ದು. ಕೂಸಿಗೆ ಅಂಟೀತು ಅಂತ ಪಕ್ಕದ ಮನಿಯವಳ ಕೈಗೆ ಕೊಟ್ಟು, ಗೋಡೆ ಈಚೆ ಬಿದ್ಕಂಡು ಅದು ಅಳಾದು ಕೇಳ್ತಿದ್ದೆ. ಯಾಕೆ ಕೇಳ್ತೀರಿ?"

ಅಪ್ಪ ಜಗುಲಿಯ ಮೇಲೆ ಕುಳಿತುಬಿಟ್ಟ. ತಾಯಿಯನ್ನು ನೋಡದೆ ಮರಿ ಕೊಳ್ಳದ ಮನುಷ್ಯ.

ಒಳಗಿನಿಂದ ಕೆಂಚಿ ಬಂದಳು. ಎತ್ತರವಾಗಿದ್ದಳು, ಸೊರಗಿದ್ದಳು, ತಲೆ ನೀಟಾಗಿ ಬಾಚಿತ್ತು. ಕೈಯಲ್ಲಿ ನೀರಿನ ಚೊಂಬು, ತಟ್ಟೆಯಲ್ಲಿ ಬೆಲ್ಲದ ಚೂರು. ಬಂದ ನೆಂಟರಿಗೆ ಕೊಡುವಂತೆ ಮೊದಲು ಅಪ್ಪನ ಮುಂದೆ, ಆಮೇಲೆ ನನ್ನ ಮುಂದೆ ಇಟ್ಟು, ಗೋಡೆಗೆ ಬೆನ್ನು ಕೊಟ್ಟು ನಿಂತಳು. ನಾನು ಎದ್ದು ಅಪ್ಪಿಕೊಳ್ಳಲಿಲ್ಲ. ಹಳೆಯದು ನೆನಪಿತ್ತು, ಅವಳೇ ಬರಲಿ ಎಂದು ಕಾದೆ. ಸೆರಗನ್ನು ಅವಳ ಕಡೆಗೆ ಬೀಳುವಂತೆ ಜಗುಲಿಯ ಮೇಲೆ ಹರವಿದೆ. ಅವಳು ಅದನ್ನು ನೋಡಿದಳು. ಆಮೇಲೆ ಒಲೆಯ ಮೇಲಿನ ಪಾತ್ರೆ ಇಳಿಸಲು ಒಳಗೆ ಹೋದಳು. ಪಾತ್ರೆ ಹಿಡಿದ ಮಸಿಬಟ್ಟೆ ನನ್ನ ಸೀರೆಯದ್ದೇ ತುಂಡು. ಅಂಚಿನ ಹಸಿರು ಗೆರೆ ಒಂದೆಡೆ ಇನ್ನೂ ಉಳಿದಿತ್ತು.

"ಭಾಳ ಒಳ್ಳೇ ಹುಡುಗಿ" ಎಂದಳು ಕಾಳಕ್ಕ. "ಬಂದ ಹೊಸದರಲ್ಲಿ ಬಾಗ್ಲಲ್ಲೇ ಕುಂತಿರೋಳು, ಯಾವ ಬಸ್ಸು ಬಂದ್ರೂ ಎದ್ದು ನಿಲ್ಲೋಳು. ಈಗ ಉಸಿರು ಹಿಡಿಯಾಕಿಲ್ಲ, ಅಳಾಕಿಲ್ಲ, ಏನೂ ಕೇಳಾಕಿಲ್ಲ. ಹೇಳಿದ ಕೆಲಸ ಮಾಡ್ಕಂಡು ಇರ್ತಾಳೆ."

ಪಾತ್ರೆ ಇಳಿಸಿ ಬಂದವಳ ಕಡೆ ಅಪ್ಪ ತಿರುಗಿದ. "ನಮ್ಮ ಜೊತೆ ಬರ್ತೀಯೇನವ್ವಾ ಕೆಂಚಿ?" ಎಂದ. ಅವಳು ತಲೆ ಆಡಿಸಿ ಹೂಂ ಎಂದಳು. ನನ್ನ ಜೀವ ಒಂದು ಗಳಿಗೆ ಹಿಗ್ಗಿತು. ಆಗ ಕಾಳಕ್ಕ ಸುಮ್ಮನೆ, "ಬ್ಯಾಡ, ಇಲ್ಲೇ ಇರ್ತೀಯಾ?" ಎಂದಳು. ಅದಕ್ಕೂ ಅವಳು ಅಷ್ಟೇ ಸಲೀಸಾಗಿ ಹೂಂ ಎಂದಳು.

ಕಾಳಕ್ಕ ಕೊನೆಗೆ ತಕರಾರು ಮಾಡಲಿಲ್ಲ. ಬಸ್ಸು ಹತ್ತುವಾಗ ಯಾರೂ ಕೆಂಚಿಯ ಬೆರಳು ಬಿಡಿಸಬೇಕಾಗಲಿಲ್ಲ, ಅವಳು ಏನನ್ನೂ ಹಿಡಿದುಕೊಂಡಿರಲಿಲ್ಲ. ಕಿಟಕಿಯ ಪಕ್ಕ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. ನಾನು ಸೆರಗಿನ ತುದಿಯನ್ನು ಅವಳ ಅಂಗೈಯೊಳಗೆ ಇಟ್ಟೆ. ಬೆರಳು ಮುಚ್ಚಲಿಲ್ಲ. ಬಸ್ಸು ಕುಲುಕಿದಾಗ ಅದು ಜಾರಿ ಕೆಳಗೆ ಬಿತ್ತು. ಅವಳು ಬಗ್ಗಿ ಎತ್ತಿ, ಧೂಳು ಕೊಡವಿ, ನನ್ನ ತೊಡೆಯ ಮೇಲೆ ಇಟ್ಟಳು.

ಹಟ್ಟಿ ತಲುಪಿದಾಗ ಮಂದೆ ಇನ್ನೂ ಬಯಲಿನಿಂದ ಬಂದಿರಲಿಲ್ಲ. ಕೆಂಚಿ ಅಂಗಳದಲ್ಲಿ ಸುತ್ತ ನೋಡಿ, ನೀರಿನ ಹರವಿ ಎಲ್ಲಿದೆ ಎಂದು ಹುಡುಕಿಕೊಂಡು ಹೋಗಿ, ಚೊಂಬಿನಲ್ಲಿ ನೀರು ತಂದು ನಮ್ಮಿಬ್ಬರ ಮುಂದೆ ಇಟ್ಟಳು. ಆಮೇಲೆ ನನ್ನನ್ನು ನೋಡಿ, "ಇನ್ನೇನು ಮಾಡ್ಲಿ?" ಎಂದಳು.

ನಾನು ಅಲ್ಲೇ ಕುಕ್ಕರಿಸಿದೆ. ಅತ್ತರೆ ಹೆದರುತ್ತಾಳೆಂದು ಅಳಲೂ ಆಗಲಿಲ್ಲ. ಅಪ್ಪ ಆ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ, ಕುಡಿಯುತ್ತಿರಲಿಲ್ಲ. ಅವನ ಮೀಸೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು.

"ಕುರಿಮರಿಗಾದ್ರೆ ಉಪ್ಪು ಹಚ್ಚಬೋದಾಗಿತ್ತು" ಎಂದ. "ಇದಕ್ಕೆ ಏನು ಹಚ್ಚಾಣ ಮಲ್ಲಿ?"

ನಾನು ಉಣ್ಣೆಯ ಬುಟ್ಟಿ ತಂದುಕೊಂಡು, ಅವಳನ್ನು ಕರೆಯದೆ, ಮುಟ್ಟದೆ, ಕಂಬದ ಪಕ್ಕ ಕೂತು ಹಿಂಜತೊಡಗಿದೆ. ಕೆಂಚಿ ಗೋಡೆಗೆ ಬೆನ್ನು ಕೊಟ್ಟು, ಯಾರಾದರೂ ಕೆಲಸ ಹೇಳುತ್ತಾರೇನೋ ಎಂದು ಕತ್ತಲಾಗುವ ತನಕ ನಿಂತೇ ಇದ್ದಳು.